ಮಳೆಯಲ್ಲಿ ಸರಿ, ಬಿಸಿಲಿನಲ್ಲಿ ಮಾಯ: ಕರ್ನಲ್ ಟೈಮರ್‌ನ ದೋಷ ಹಿಡಿಯುವುದು ಹೇಗೆ?

ಮೊಬೈಲ್ ಪ್ರೊಸೆಸರ್ ಇರುವ ಬೋರ್ಡಿಗೆ ಲಿನಕ್ಸ್ ಹಾಕಿ, ಕಾಫಿ ತೋಟದಲ್ಲಿ ಮಳೆ ಅಳೆಯುವ ಪೆಟ್ಟಿಗೆ ಮಾಡಿ ಇಟ್ಟಿದ್ದೀರಿ ಎಂದುಕೊಳ್ಳಿ. ಜೂನ್‌ನಿಂದ ಆಗಸ್ಟ್‌ವರೆಗೆ ಹತ್ತು ನಿಮಿಷಕ್ಕೊಂದು ದಾಖಲೆ ಬರುತ್ತದೆ. ಮಾರ್ಚ್‌ನಲ್ಲಿ, ಹೂಮಳೆಗೆಂದು ಎಲ್ಲರೂ ಆಕಾಶ ನೋಡುತ್ತಿರುವಾಗ, ಗಂಟೆಗಟ್ಟಲೆ ದಾಖಲೆಯೇ ಇಲ್ಲ. ಬ್ಯಾಟರಿ ಸರಿ ಇದೆ. ಪೆಟ್ಟಿಗೆಯನ್ನು ಮನೆಗೆ ತಂದು ಯುಎಸ್‌ಬಿ ಕೇಬಲ್ ಸಿಕ್ಕಿಸಿದರೆ ಒಂದು ನಿಮಿಷವೂ ತಪ್ಪುವುದಿಲ್ಲ. ಲಕ್ಷಣ ಹೀಗಿದ್ದರೆ ಸೆನ್ಸರ್ ಬಿಚ್ಚಲು ಹೋಗಬೇಡಿ, ಟೈಮರ್ ನೋಡಿ.

ಆರ್ಮ್ ಪ್ರೊಸೆಸರಿನ ಟೈಮರ್ ಎರಡು ಭಾಗದ್ದು. ಕಾಲ ಎಣಿಸುವ ಕೌಂಟರ್ ಇಡೀ ಚಿಪ್‌ಗೆ ಒಂದೇ. ಅದಕ್ಕೆ ವಿದ್ಯುತ್ ಸದಾ ಇರುತ್ತದೆ. 'ಇಂಥ ಹೊತ್ತಿಗೆ ಎಬ್ಬಿಸು' ಎಂಬ ಆದೇಶ ಹಿಡಿದಿಟ್ಟುಕೊಳ್ಳುವ ಕಂಪ್ಯಾರೇಟರ್ ಮಾತ್ರ ಪ್ರತಿ ಕೋರ್‌ಗೂ (ಚಿಪ್‌ನೊಳಗಿನ ಒಂದೊಂದು ಲೆಕ್ಕದ ಘಟಕಕ್ಕೂ) ಬೇರೆ ಬೇರೆ. ಲಿನಕ್ಸ್‌ನಲ್ಲಿ ಮೊದಲನೆಯದು ಕ್ಲಾಕ್‌ಸೋರ್ಸ್, ಎರಡನೆಯದು ಕ್ಲಾಕ್‌ಇವೆಂಟ್. ಕೋರ್ ಆಳವಾದ ಐಡಲ್ ಸ್ಥಿತಿಗೆ, ಅಂದರೆ ಕೆಲಸವಿಲ್ಲದಾಗಿನ ಗಾಢ ನಿದ್ದೆಗೆ, ಇಳಿದಾಗ ಅದರ ವಿದ್ಯುತ್ ಕಡಿತವಾಗುತ್ತದೆ, ಬಹಳಷ್ಟು ಚಿಪ್‌ಗಳಲ್ಲಿ ಕಂಪ್ಯಾರೇಟರ್‌ದೂ ಜೊತೆಗೇ ಹೋಗುತ್ತದೆ. ಗಡಿಯಾರದಲ್ಲಿ ಸಮಯ ಸರಿಯಾಗಿಯೇ ಇರುತ್ತದೆ, ಎಬ್ಬಿಸುವವರು ಮಾತ್ರ ಯಾರೂ ಇಲ್ಲ.

ಹಾಗಾದರೆ ಮಳೆಗಾಲದಲ್ಲಿ ಹೇಗೆ ನಡೆಯಿತು? ಮಳೆ ಅಳೆಯುವುದು 0.2 ಮಿಲಿಮೀಟರಿಗೊಮ್ಮೆ ತುಂಬಿ ಮಗುಚುವ ಪುಟ್ಟ ತೊಟ್ಟಿ, ಅಂದರೆ ಟಿಪ್ಪಿಂಗ್ ಬಕೆಟ್, ಆದರೆ ತೋಟದವರ ಲೆಕ್ಕದ ಒಂದು ಇಂಚಿಗೆ, ಅಂದರೆ ನೂರು ಸೆಂಟಿಗೆ, 127 ಸಲ ಮಗುಚುತ್ತದೆ. ಪ್ರತಿ ಸಲವೂ ಜಿಪಿಐಒ ಇಂಟರಪ್ಟ್ (ಚಿಪ್‌ನ ಪಿನ್‌ಗೆ ಬರುವ ಎಬ್ಬಿಸುವ ಸಂಕೇತ) ಕೋರನ್ನು ಎಬ್ಬಿಸುತ್ತದೆ. ಎದ್ದ ಕೂಡಲೇ ಲಿನಕ್ಸ್‌ನ ತಿರುಳಾದ ಕರ್ನಲ್ ಅವಧಿ ಮೀರಿದ ಟೈಮರ್‌ಗಳನ್ನು ತೀರಿಸಿಬಿಡುತ್ತದೆ. ದಾಖಲೆ ಒಂದೆರಡು ನಿಮಿಷ ತಡವಾದರೂ ಮಡಿಕೇರಿ ಕಡೆಯ ಜುಲೈ ಮಳೆಯಲ್ಲಿ ಯಾರ ಕಣ್ಣಿಗೂ ಬೀಳದು. ಮೇಜಿನ ಮೇಲೆ ಯುಎಸ್‌ಬಿ ಕೇಬಲ್ ಮಾಡುವುದೂ ಇದೇ ಉಪಕಾರ.

ತಪ್ಪು ಹೆಚ್ಚಾಗಿ ಡಿವೈಸ್ ಟ್ರೀಯಲ್ಲಿ, ಅಂದರೆ ಬೋರ್ಡಿನಲ್ಲಿ ಏನೇನಿದೆ ಎಂದು ಕರ್ನಲ್‌ಗೆ ಹೇಳುವ ಕಡತದಲ್ಲಿ, ಇರುತ್ತದೆ. ಬೇರೆ ಬೋರ್ಡಿನ ಕಡತ ನಕಲು ಮಾಡಿದಾಗ ಟೈಮರ್ ನೋಡ್‌ನಲ್ಲಿ 'ಆಲ್ವೇಸ್-ಆನ್' ಎಂಬ ಗುಣ ಉಳಿದುಬಿಡುತ್ತದೆ. ಕಂಪ್ಯಾರೇಟರ್ ಎಂದೂ ಆರುವುದಿಲ್ಲ ಎಂದು ಕರ್ನಲ್ ಅದನ್ನು ನಂಬುತ್ತದೆ. ಇನ್ನೊಂದು ಕಾರಣ, ಐಡಲ್ ಸ್ಥಿತಿಯ ವಿವರಣೆಯಲ್ಲಿ 'ಲೋಕಲ್-ಟೈಮರ್-ಸ್ಟಾಪ್' ಬರೆಯದೇ ಇರುವುದು. ಮೊದಲನೆಯದನ್ನು ತೆಗೆದು ಎರಡನೆಯದನ್ನು ಸೇರಿಸಿದರೆ, ಕೋರ್ ಮಲಗುವ ಮುನ್ನ ಕರ್ನಲ್ ತನ್ನ ಮುಂದಿನ ಗಡುವನ್ನು ಬ್ರಾಡ್‌ಕಾಸ್ಟ್ ಟೈಮರ್‌ಗೆ, ಅಂದರೆ ಮಲಗಿದ ಕೋರ್‌ಗಳ ಪರವಾಗಿ ಎಚ್ಚರವಿರುವ ಟೈಮರ್‌ಗೆ, ಒಪ್ಪಿಸುತ್ತದೆ. ಕೋರ್‌ನ ಹೊರಗೆ, ಸದಾ ವಿದ್ಯುತ್ ಇರುವ ಟೈಮರ್ ಸಿಕ್ಕರೆ ಒಳ್ಳೆಯದು. ಸಿಗದಿದ್ದರೆ ಒಂದು ಕೋರ್ ಆಳಕ್ಕೆ ಇಳಿಯದೆ ಉಳಿದವರ ಪರವಾಗಿ ಕಾಯಬೇಕು; ಕೆಲಸ ನಡೆಯುತ್ತದೆ, ಬ್ಯಾಟರಿ ಬೇಗ ಕರಗುತ್ತದೆ. ಯಾವುದು ನಡೆದಿದೆ ಎಂದು ಕರ್ನಲ್ ತನ್ನ ಸ್ಥಿತಿ ತೋರಿಸುವ ಪ್ರಾಕ್ ಅಡಿಯ ಟೈಮರ್‌ಲಿಸ್ಟ್ ಕಡತದ ಬ್ರಾಡ್‌ಕಾಸ್ಟ್ ಭಾಗ ಹೇಳುತ್ತದೆ.

ಆ ಹೊರಗಿನ ಟೈಮರ್‌ಗೆ ಡ್ರೈವರ್ (ಅದನ್ನು ನಡೆಸುವ ಕರ್ನಲ್ ಕೋಡ್) ಬರೆಯುವಾಗಲೇ ನಿಜವಾದ ತೊಡಕು. ಆರ್ಮ್‌ನ ಸ್ವಂತ ಕಂಪ್ಯಾರೇಟರ್ 'ಸಮಯ ಆಯಿತೇ ಅಥವಾ ಮೀರಿತೇ' ಎಂದು ನೋಡುತ್ತದೆ. ಚಿಪ್ ತಯಾರಕರ ಎಷ್ಟೋ ಟೈಮರ್‌ಗಳು 'ಸರಿಸಮವೇ' ಎಂದಷ್ಟೇ ನೋಡುತ್ತವೆ. ಗಡುವು ಹಿಡಿದಿಡುವ ಮ್ಯಾಚ್ ರಿಜಿಸ್ಟರಿಗೆ ಬೆಲೆ ಬರೆಯುವಷ್ಟರಲ್ಲಿ ಕೌಂಟರ್ ಅದನ್ನು ದಾಟಿದ್ದರೆ, ಮತ್ತೆ ಪೂರ್ತಿ ಸುತ್ತು ಬಂದ ಮೇಲೆಯೇ ಇಂಟರಪ್ಟ್. 24 ಮೆಗಾಹರ್ಟ್ಸ್‌ನ 32 ಬಿಟ್ ಕೌಂಟರಿಗೆ ಆ ಸುತ್ತು ಸುಮಾರು 179 ಸೆಕೆಂಡು. 32,768 ಹರ್ಟ್ಸ್‌ನದಾದರೆ 36 ಗಂಟೆಗೂ ಹೆಚ್ಚು. ಅದಕ್ಕೇ ಮ್ಯಾಚ್ ಬರೆದ ನಂತರ ಕೌಂಟರನ್ನು ಇನ್ನೊಮ್ಮೆ ಓದಿ, ಮ್ಯಾಚ್‌ನಿಂದ ಕೌಂಟರ್ ಕಳೆದ ವ್ಯತ್ಯಾಸವನ್ನು ಚಿಹ್ನೆಸಹಿತ 32 ಬಿಟ್ ಸಂಖ್ಯೆಯಾಗಿ ನೋಡಿ. ಸೊನ್ನೆ ಅಥವಾ ಋಣವಾಗಿದ್ದರೆ 'ಇಟೈಮ್' ದೋಷಸಂಕೇತವನ್ನು ಮರಳಿಸಿ. ಕರ್ನಲ್ ಹೊಸ ಗಡುವು ಕೊಟ್ಟು ಮತ್ತೆ ಯತ್ನಿಸುತ್ತದೆ. ಚಿಹ್ನೆಯಿಲ್ಲದ ಹೋಲಿಕೆ ಮಾಡಿದರೆ ಕೌಂಟರ್ ಸುತ್ತಿಕೊಳ್ಳುವ ಹೊತ್ತಿಗೆ ಸರಿಯಾಗಿ ಕೈಕೊಡುತ್ತದೆ.

32,768 ಹರ್ಟ್ಸ್‌ನ ನಿಧಾನ ಗಡಿಯಾರದ ಟೈಮರಿನಲ್ಲಿ ಇನ್ನೊಂದು ಸಂಗತಿ. ಒಂದು ಟಿಕ್ ಸುಮಾರು 30.5 ಮೈಕ್ರೊಸೆಕೆಂಡು. ಬರೆದ ಬೆಲೆ ಟೈಮರಿನ ಒಳಗೆ ತಲುಪಲು ಎರಡು ಮೂರು ಟಿಕ್ ಹಿಡಿಯಬಹುದು. ಅಷ್ಟರೊಳಗಿನ ಗಡುವು ಕೇಳಿದರೆ ತಪ್ಪಿದಂತೆಯೇ. ಟೈಮರನ್ನು ಕರ್ನಲ್‌ನಲ್ಲಿ ನೋಂದಾಯಿಸುವಾಗ ಕನಿಷ್ಠ ಡೆಲ್ಟಾ (ಕೇಳಬಹುದಾದ ಅತಿ ಚಿಕ್ಕ ಗಡುವು) 1 ಎಂದು ಕೊಡದೆ, ಕೈಪಿಡಿಯಲ್ಲಿರುವ ವಿಳಂಬಕ್ಕಿಂತ ಹೆಚ್ಚು ಕೊಡಿ. ಕೈಪಿಡಿಗಳು ಈ ವಿಷಯವನ್ನು ಯಾವುದೋ ಮೂಲೆಯ ಅಡಿಟಿಪ್ಪಣಿಯಲ್ಲಿ ಬಚ್ಚಿಡುವುದೇ ಹೆಚ್ಚು.

ಗಡಿಯಾರವೇ ತಪ್ಪಿದ್ದರೆ ಅದು ಬೇರೆ ಕಾಯಿಲೆ. ಕೌಂಟರ್ ಆವರ್ತನವನ್ನು ಬೋರ್ಡು ಶುರುವಾಗುವಾಗ ಓಡುವ ಬೂಟ್ ಫರ್ಮ್‌ವೇರ್ ಪ್ರತಿ ಕೋರ್‌ನ ರಿಜಿಸ್ಟರಿಗೂ ಬರೆಯಬೇಕು. ಅಸಲಿಗೆ 19.2 ಮೆಗಾಹರ್ಟ್ಸ್ ಇದ್ದು 24 ಎಂದು ಬರೆದಿದ್ದರೆ, ಒಂದು ಗಂಟೆ ಕಳೆದಾಗ ಬೋರ್ಡು 48 ನಿಮಿಷ ತೋರಿಸುತ್ತದೆ. ಆಲ್‌ವಿನ್ನರ್ ಎ64 ಚಿಪ್‌ನಲ್ಲಿ ದಿನಾಂಕ ಇದ್ದಕ್ಕಿದ್ದಂತೆ 95 ವರ್ಷ ಮುಂದೆ ಹಾರಿದರೆ ಅದು ಹಾರ್ಡ್‌ವೇರ್ ದೋಷ: ಮೇಲಿನ ಬಿಟ್‌ಗಳು ಬದಲಾಗುವ ಕ್ಷಣದಲ್ಲಿ ಕೆಳಗಿನವು ಸುಳ್ಳು ಬೆಲೆ ಕೊಡುತ್ತವೆ. ಕಡೆಯ 9 ಬಿಟ್ ಎಲ್ಲವೂ 0 ಅಥವಾ ಎಲ್ಲವೂ 1 ಇದ್ದರೆ ಆ ಓದನ್ನು ಬಿಟ್ಟು ಮತ್ತೆ ಓದುವ ಪರಿಹಾರ ಲಿನಕ್ಸ್‌ನಲ್ಲೇ ಇದೆ. ಡಿವೈಸ್ ಟ್ರೀಯಲ್ಲಿ ಅದನ್ನು ಹೇಳಿರಬೇಕಷ್ಟೆ.

ಪರೀಕ್ಷೆಗೆ ಕೇಬಲ್ ಎಲ್ಲ ಕಿತ್ತು, ವೈಫೈ ಆರಿಸಿ, ಬ್ಯಾಟರಿಯಲ್ಲೇ ಓಡಿಸಿ. ಬಕೆಟ್ ಅಲುಗದಂತೆ ಕಟ್ಟಿ, ರಾತ್ರಿಯಿಡೀ ದಾಖಲೆ ಕಡತಕ್ಕೆ ಬರೆಸಿ. ದಾಖಲೆ ತಪ್ಪಿದ್ದರೆ ಕರ್ನಲ್ ಸೆಟ್ಟಿಂಗ್‌ಗಳ ಕಡತಗಳಿರುವ ಸಿಸ್‌ಎಫ್‌ಎಸ್‌ನ ಸಿಪಿಯುಐಡಲ್ ಅಡಿಯಲ್ಲಿ ಎಲ್ಲ ಕೋರ್‌ಗಳ ಅತಿ ಆಳದ ಸ್ಥಿತಿಯ 'ಡಿಸೇಬಲ್' ಕಡತಕ್ಕೆ 1 ಬರೆದು ಮರುದಿನ ಮತ್ತೆ ನೋಡಿ. ಆಗ ಸರಿಯಾದರೆ ತೊಂದರೆ ಆಳದ ನಿದ್ದೆಯದು: ಕಂಪ್ಯಾರೇಟರ್ ಆರುತ್ತಿದೆ, ಇಲ್ಲವೇ ಹೊರಗಿನ ಟೈಮರ್ ಕೈಕೊಡುತ್ತಿದೆ. ತಡವಾದ ದಾಖಲೆಗಳ ವಿಳಂಬ ಕೌಂಟರಿನ ಒಂದು ಸುತ್ತಿನಷ್ಟೇ (24 ಮೆಗಾಹರ್ಟ್ಸ್‌ನದಾದರೆ 179 ಸೆಕೆಂಡು) ಇದ್ದರೆ ಮ್ಯಾಚ್ ತಪ್ಪಿಸಿಕೊಳ್ಳುತ್ತಿದೆ, ಡ್ರೈವರ್ ತೆರೆಯಿರಿ.