ಬೇಡವಾದ ಗುಳಿಗೆಗೂ ಸನ್ನೆಕೋಲು ಒತ್ತಿದ ಇಲಿ: ರೂಢಿಯ ವಿಜ್ಞಾನ ಗೋಜಲಾದ ಬಗೆ

ಕನ್ನಡದಲ್ಲಿ ಪಾಠ ಓದುವುದೂ ಅಭ್ಯಾಸ, ಉಗುರು ಕಚ್ಚುವುದೂ ಅಭ್ಯಾಸ. ಮಿದುಳು ವಿಜ್ಞಾನ ರೂಢಿ ಎನ್ನುವುದು ಇದರಲ್ಲಿ ಸಣ್ಣ ಪಾಲನ್ನು ಮಾತ್ರ: ಫಲ ಬೇಡವಾದ ಮೇಲೂ ನಿಲ್ಲದ ಕೆಲಸ. ಹೊಸ ರೂಢಿ ಬೆಳೆಯಲು '21 ದಿನ ಸಾಕು', 'ಅಲ್ಲ, 66 ದಿನ ಬೇಕು' ಎಂಬ ಜನಪ್ರಿಯ ಮಾತುಗಳ ನಡುವೆ ಈ ಅರ್ಥವೇ ಕಳೆದುಹೋಗಿದೆ.

1898ರಲ್ಲಿ ಮನೋವಿಜ್ಞಾನಿ ಥಾರ್ನ್‌ಡೈಕ್ ಹೊರಬರಲು ಹೇಗೆ ಕಲಿಯುತ್ತವೆಂದು ನೋಡಲು ಬೆಕ್ಕುಗಳನ್ನು ಪೆಟ್ಟಿಗೆಯಲ್ಲಿ ಕೂಡಿಹಾಕಿದ್ದರಿಂದ ಹಿಡಿದು 1948ರಲ್ಲಿ ಇನ್ನೊಬ್ಬ ಮನೋವಿಜ್ಞಾನಿ ಟೋಲ್‌ಮನ್ ಇಲಿಯ ತಲೆಯಲ್ಲೊಂದು ನಕ್ಷೆಯಿದೆ ಎಂದು ವಾದಿಸುವವರೆಗೆ ನಡೆದದ್ದು ಒಂದೇ ಜಗಳ: ಪ್ರಾಣಿ ಫಲವನ್ನು ಅರಿತು ಮಾಡುತ್ತದೋ, ಸುಮ್ಮನೆ ಮಾಡುತ್ತದೋ? ಇದನ್ನು ಅಳೆಯುವ ದಾರಿ ಗಟ್ಟಿಯಾದದ್ದು 1980ರ ದಶಕದ ಆರಂಭದಲ್ಲಿ, ಕೇಂಬ್ರಿಜ್‌ನ ಆಡಮ್ಸ್ ಮತ್ತು ಡಿಕಿನ್ಸನ್ ಅವರಿಂದ.

ಹಸಿದ ಇಲಿಗೆ ಸನ್ನೆ (ಸನ್ನೆಕೋಲು) ಒತ್ತಿ ಸಕ್ಕರೆ ಗುಳಿಗೆ ಪಡೆಯಲು ಕಲಿಸಬೇಕು. ಬಳಿಕ ಸನ್ನೆಯನ್ನು ತೆಗೆದು, ಗುಳಿಗೆ ತಿನ್ನಿಸಿ, ಲಿಥಿಯಂ ಕ್ಲೋರೈಡ್ ಚುಚ್ಚಿ ಹೊಟ್ಟೆ ತೊಳಸುವಂತೆ ಮಾಡಬೇಕು. ಕೆಲವು ಸಲ ಹೀಗಾದರೆ ಇಲಿ ಗುಳಿಗೆಯನ್ನು ಮುಟ್ಟುವುದಿಲ್ಲ. ಆಮೇಲೆ ಸನ್ನೆಯನ್ನು ಮತ್ತೆ ಇಡಬೇಕು, ಆದರೆ ಒತ್ತಿದರೆ ಏನೂ ಬೀಳಬಾರದು. ಪ್ರಯೋಗದ ಜೀವಾಳ ಇದೇ. ಗುಳಿಗೆ ಬಿದ್ದರೆ ಇಲಿ ಅಲ್ಲೇ ಹೇಸಿ ಹೊಸ ಪಾಠ ಕಲಿತುಬಿಡುತ್ತದೆ. ಮೊದಲೇ ಇದ್ದ ಅರಿವು ಅದನ್ನು ತಡೆಯಿತೇ ಎಂಬುದು ತಿಳಿಯುವುದಿಲ್ಲ. ಹೇಸಿಗೆ ಅರೆಬರೆಯಾಗಿದ್ದರೂ ಪ್ರಯೋಗ ಕೆಟ್ಟಂತೆ. ಹಾಗಾಗಿ ಕೊನೆಗೆ ಗುಳಿಗೆ ಕೊಟ್ಟು ನೋಡಲೇಬೇಕು.

100 ಗುಳಿಗೆ ಗಳಿಸಿದ್ದ ಇಲಿಗಳು ಒತ್ತುವುದನ್ನು ಕಡಿಮೆ ಮಾಡಿದವು. 500 ಗಳಿಸಿದ್ದವು ಒತ್ತುತ್ತಲೇ ಹೋದವು. ಮಾಡುತ್ತಾ ಮಾಡುತ್ತಾ ರೂಢಿಯಾಗುತ್ತದೆ ಎಂಬ ಮಾತಿಗೆ ಇದು ಬಲ ಕೊಟ್ಟಿತು. ಡಿಕಿನ್ಸನ್ ಮತ್ತು ಸಂಗಡಿಗರ 1983ರ ಫಲಿತಾಂಶಕ್ಕೆ ಅಷ್ಟು ಪ್ರಚಾರ ಸಿಗಲಿಲ್ಲ, ಸಿಗಬೇಕಿತ್ತು. ಒತ್ತಿದ ಎಣಿಕೆಗೆ ತಕ್ಕಂತೆ ಗುಳಿಗೆ ಪಡೆದ ಇಲಿಗಳು ಫಲದ ಲೆಕ್ಕ ಬಿಡಲಿಲ್ಲ. ಇಷ್ಟು ಹೊತ್ತು ಕಳೆದ ಮೇಲೆ ಒತ್ತಿದರಷ್ಟೇ ಸಿಗುವ ಏರ್ಪಾಡಿನಲ್ಲಿದ್ದವು ರೂಢಿಗೆ ಬಿದ್ದವು. ಅಲ್ಲಿ ಹೆಚ್ಚು ದುಡಿದರೆ ಹೆಚ್ಚು ಸಿಗುವುದಿಲ್ಲ, ದುಡಿಮೆಗೂ ಫಲಕ್ಕೂ ನಂಟು ಕಾಣುವುದಿಲ್ಲ. ಎಷ್ಟು ಸಲ ಫೋನ್ ತೆಗೆದು ನೋಡಿದರೂ ಸಂದೇಶ ಬರುವುದು ಅದು ಬರುವ ಹೊತ್ತಿಗೇ; ಏರ್ಪಾಡು ಹೆಚ್ಚುಕಡಿಮೆ ಅದೇ.

ಮಿದುಳಿನ ಜಾಗಗಳು ಗುರುತಾದದ್ದು ಆಮೇಲೆ. 2004-05ರಲ್ಲಿ ಯಿನ್, ನೋಲ್ಟನ್, ಬ್ಯಾಲೀನ್ ಮತ್ತು ಸಂಗಡಿಗರು ಮಿದುಳಿನ ಆಳದಲ್ಲಿರುವ ಸ್ಟ್ರಯೇಟಮ್ ಎಂಬ ಭಾಗದ ಮೇಲ್ಭಾಗದ ಹೊರ ಅಂಚನ್ನು ಕೆಡಿಸಿದಾಗ ಇಲಿಗಳಲ್ಲಿ ರೂಢಿ ಬೆಳೆಯಲಿಲ್ಲ. ಒಳಭಾಗವನ್ನು ಕೆಡಿಸಿದಾಗ ಅವು ಫಲದ ಪರಿವೆಯಿಲ್ಲದೆ ಒತ್ತಿದವು. ಮುಂಭಾಗದ ಇನ್‌ಫ್ರಾಲಿಂಬಿಕ್ ಕಾರ್ಟೆಕ್ಸನ್ನು ತಾತ್ಕಾಲಿಕವಾಗಿ ಸುಮ್ಮನಾಗಿಸಿದರೆ ರೂಢಿಗೆ ಬಿದ್ದ ಇಲಿಯೂ ಫಲ ನೋಡತೊಡಗುತ್ತದೆ ಎಂದು 2003ರಲ್ಲೇ ಕಂಡಿತ್ತು. ಅಂದರೆ ಗುರಿಯ ಲೆಕ್ಕ ಅಳಿದಿರುವುದಿಲ್ಲ, ಅದರ ಮೇಲೊಂದು ಮುಚ್ಚಳ ಬಿದ್ದಿರುತ್ತದೆ.

ಗೋಜಲು ಹೆಚ್ಚಿದ್ದು ಮನುಷ್ಯರ ವಿಷಯದಲ್ಲಿ. 2010ರ ಲಂಡನ್ ಅಧ್ಯಯನದ 66 ದಿನ ಬರೀ ಮಧ್ಯಾಂಕ. ವ್ಯಾಪ್ತಿ 18ರಿಂದ 254 ದಿನ. ಅಲ್ಲಿ ಅಳೆದದ್ದೂ 'ಯೋಚಿಸದೇ ಮಾಡುತ್ತೇನೆ' ಎಂಬ ಅನಿಸಿಕೆಯನ್ನು, ಬೇಡವಾದ ಫಲಕ್ಕೆ ಕೈ ಹೋಗುವುದನ್ನಲ್ಲ. 2009ರಲ್ಲಿ ಮೂರು ದಿನದ ತರಬೇತಿಯಿಂದ ಮನುಷ್ಯರಲ್ಲೂ ಇಲಿಯಂಥ ರೂಢಿ ಕಂಡಿತ್ತು. 2018ರಲ್ಲಿ ಪ್ರಕಟವಾದ ಐದು ಪ್ರಯೋಗಗಳಲ್ಲಿ ಹೆಚ್ಚು ತರಬೇತಿಯಿಂದ ಅದು ಹುಟ್ಟಲೇ ಇಲ್ಲ. ಮರುವರ್ಷ ಹಾರ್ಡ್‌ವಿಕ್ ಮತ್ತು ಸಂಗಡಿಗರು ಯಾವ ಚಿತ್ರಕ್ಕೆ ಯಾವ ಗುಂಡಿ ಎಂದು ಜನರಿಗೆ ಚೆನ್ನಾಗಿ ಕಲಿಸಿ, ಬಳಿಕ ಕೆಲವು ಗುಂಡಿಗಳನ್ನು ಬದಲಿಸಿ, ಉತ್ತರಿಸುವ ಸಮಯವನ್ನೇ ಮೊಟಕು ಮಾಡಿ ನೋಡಿದರು. ಬಿಡುವು ಕೊಟ್ಟಾಗ ಹೊಸ ಗುಂಡಿಯನ್ನು ಸರಿಯಾಗಿ ಒತ್ತುತ್ತಿದ್ದವರು, ಅವಸರಪಡಿಸಿದಾಗ ಹಳೆಯದನ್ನೇ ಒತ್ತಿದರು.