ಅಡಿಕೆಗೆ ಇಂಗ್ಲಿಷಿನಲ್ಲಿ ‘ಅರೆಕಾ ನಟ್’ ಎನ್ನಬೇಕೋ, ‘ಬೀಟಲ್ ನಟ್’ ಎನ್ನಬೇಕೋ?

ಶಿರಸಿ, ಸಿದ್ದಾಪುರ, ಯಲ್ಲಾಪುರ ಕಡೆಯ ಓದುಗರು ಮತ್ತೆ ಮತ್ತೆ ಕೇಳುವ ಈ ಪ್ರಶ್ನೆಗೆ ಉತ್ತರ ಚಿಕ್ಕದು: ಎರಡೂ ನಿಘಂಟಿನಲ್ಲಿವೆ, ಎರಡೂ ಸರಿ. ಆದರೆ ಸಾಲದ ಅರ್ಜಿ, ಬೆಳೆವಿಮೆ, ರಫ್ತಿನ ಕಾಗದಪತ್ರಗಳಲ್ಲಿ ‘ಅರೆಕಾ ನಟ್’ ಎಂದೇ ಬರೆಯಿರಿ. ‘ಬೀಟಲ್’ ಎಂದರೆ ವೀಳ್ಯದೆಲೆ. ಎಲೆಯ ಜೊತೆ ಮೆಲ್ಲುವುದರಿಂದ ಅಡಿಕೆಗೂ ಆ ಹೆಸರು ಅಂಟಿಕೊಂಡಿತು.

ಇಷ್ಟು ಹೇಳಿದೊಡನೆ ಯಾರಾದರೊಬ್ಬರು, ‘ಅರೆಕಾ ಲ್ಯಾಟಿನ್ ಪದವಲ್ಲವೇ, ಸಸ್ಯವಿಜ್ಞಾನಿಗಳು ಇಟ್ಟ ಹೆಸರಲ್ಲವೇ’ ಎಂದು ತಿದ್ದಲು ಬರುತ್ತಾರೆ. ಎಷ್ಟು ಸಲ ವಿವರಿಸಿದರೂ ಈ ನಂಬಿಕೆ ಅಳಿಯುತ್ತಿಲ್ಲವಾದ್ದರಿಂದ ಇನ್ನೊಮ್ಮೆ ಬಿಡಿಸಿ ಹೇಳುತ್ತೇನೆ. ಸ್ವೀಡನ್ನಿನ ಸಸ್ಯವಿಜ್ಞಾನಿ ಲಿನೇಯಸ್ ಈ ಮರಕ್ಕೆ ‘ಅರೆಕಾ ಕೆಟೆಚು’ ಎಂದು ಹೆಸರಿಟ್ಟದ್ದು 1753ರಲ್ಲಿ. ಅದಕ್ಕೆ 190 ವರ್ಷ ಮೊದಲೇ, 1563ರಲ್ಲಿ, ನಮ್ಮ ಕಾರವಾರದ ಪಕ್ಕದ ಗೋವೆಯಲ್ಲಿ ಅಚ್ಚಾದ ಗಾರ್ಸಿಯಾ ದ ಓರ್ತಾ ಎಂಬ ಪೋರ್ಚುಗೀಸ್ ವೈದ್ಯರ ಗ್ರಂಥದಲ್ಲಿ ‘ಅರೆಕಾ’ ಇದೆ, ಅದೂ ಮಲಬಾರಿನ ಜನರ ಮಾತೆಂಬ ವಿವರಣೆಯೊಂದಿಗೆ. ಮಲಯಾಳದ ‘ಅಡಯ್ಕ’ವೇ ಆ ಪದದ ಮೂಲ. ಪೋರ್ಚುಗೀಸರ ಬಾಯಲ್ಲಿ ನಮ್ಮ ‘ಡ’ಕಾರ ‘ರ’ಕಾರವಾಯಿತು, ಅದನ್ನೇ ಇಂಗ್ಲಿಷರು ಎತ್ತಿಕೊಂಡರು. ಮಲಯಾಳದ ‘ಅಡಯ್ಕ’, ತಮಿಳಿನ ‘ಅಡೈಕ್ಕಾಯ್’, ನಮ್ಮ ‘ಅಡಿಕೆ’ ಮೂರೂ ಒಂದೇ ಬೇರಿನವು. ‘ಅಡಯ್ಕ’ ಮತ್ತು ‘ಅರೆಕಾ’ವನ್ನು ಬಾಯಿಬಿಟ್ಟು ಒಂದರ ಹಿಂದೊಂದು ಹೇಳಿ ನೋಡಿ, ಸಂಬಂಧ ಕಿವಿಗೇ ತಿಳಿಯುತ್ತದೆ. ಲ್ಯಾಟಿನ್ನು ಇದನ್ನು ನಮ್ಮ ಕರಾವಳಿಯಿಂದ ಸಾಲ ಪಡೆಯಿತು ಎಂಬುದನ್ನು ನಮ್ಮ ಮಕ್ಕಳಿಗಾದರೂ ಹೆಮ್ಮೆಯಿಂದ ಕಲಿಸಬೇಕು.

‘ಬೀಟಲ್’ ಕೂಡ ಇದೇ ದಾರಿಯಲ್ಲಿ, ಮಲಯಾಳದ ‘ವೆಟ್ಟಿಲ’ದಿಂದ ಪೋರ್ಚುಗೀಸರ ಮೂಲಕ ಹೋದದ್ದು. ತೋಟದಲ್ಲಿ ಅಡಿಕೆಮರಕ್ಕೆ ಎಲೆಬಳ್ಳಿ ಹಬ್ಬಿಸಿದವರಿಗೆ ಇವೆರಡು ಬೇರೆ ಬೇರೆ ಎಂದು ಹೇಳಬೇಕಾಗಿಲ್ಲ. ‘ಬೀಟಲ್ ನಟ್’ ಎಂಬ ಹೆಸರು ಕೇಳಿದ ದೂರದೂರಿನವರು ಮಾತ್ರ ಎಲೆಯೂ ಕಾಯಿಯೂ ಒಂದೇ ಗಿಡದ್ದೆಂದು ತಿಳಿಯುತ್ತಾರೆ.

ಯಾರೂ ಕೇಳದಿದ್ದರೂ, ನಮ್ಮ ಕವಳದಲ್ಲಿ, ಅಂದರೆ ಎಲೆ-ಅಡಿಕೆಯ ತಾಂಬೂಲದಲ್ಲಿ, ಉಳಿದವುಗಳ ಹೆಸರನ್ನೂ ಇಲ್ಲಿಯೇ ಹೇಳಿಬಿಡುತ್ತೇನೆ. ಲಿನೇಯಸ್ ಇಟ್ಟ ಹೆಸರಿನ ಉತ್ತರಾರ್ಧವಾದ ‘ಕೆಟೆಚು’ ನಮ್ಮ ‘ಕಾಚು’ವಿನ ಬಳಗದ್ದು, ಕಾಚು ಸಿಗುವುದು ಕಗ್ಗಲಿ ಮರದ ತಿರುಳಿನಿಂದಾದರೂ ಅದು ಅಡಿಕೆಮರದ ಹೆಸರಿನಲ್ಲಿ ಸೇರಿಕೊಂಡಿದೆ. ಬ್ರಿಟಿಷರ ಕಾಲದ ಇಂಗ್ಲಿಷಿನಲ್ಲಿ ಸುಣ್ಣಕ್ಕೆ ‘ಚುನಮ್’ ಎಂಬ ಪದವಿತ್ತು. ಅದು ತಮಿಳಿನ ಮೂಲಕ ಬಂದದ್ದು, ನಮ್ಮ ‘ಸುಣ್ಣ’ದ ಹಾಗೆಯೇ ಸಂಸ್ಕೃತದ ‘ಚೂರ್ಣ’ ಅದರ ಮೂಲ. ಕವಳಕ್ಕೆ ಸೇರುವ ತಂಬಾಕು ಮಾತ್ರ ಗಿಡವೂ ಹೆಸರೂ ಎರಡೂ ಪೋರ್ಚುಗೀಸರ ಹಡಗಿನಲ್ಲಿ ಇತ್ತ ಬಂದವು.