ಸತ್ತವರದ್ದೇ ತಪ್ಪು ಅನ್ನೋ ಸುದ್ದಿ ಹುಟ್ಟೋದು ಹೇಗೆ?

ಪ್ರಶ್ನೆ: ದೊಡ್ಡ ದುರಂತವಾದ ಮರುದಿನವೇ ‘ಜನ ಕುಡಿದಿದ್ದರು, ಹೇಳಿದ ಮಾತು ಕೇಳಲಿಲ್ಲ’ ಅಂತ ಸುದ್ದಿ ಬರುತ್ತದೆ. ಆಮೇಲೆ ಅದು ಸುಳ್ಳು ಅಂತ ಗೊತ್ತಾಗುತ್ತದೆ. ಪತ್ರಕರ್ತರು ಹೀಗೆ ಎಡವೋದು ಯಾಕೆ?

ಉತ್ತರ: ಮೊದಲ ದಿನ ಮಾತಾಡಲು ಸಿಗುವವರು ಯಾರು, ಯೋಚಿಸಿ. ಗಾಯಗೊಂಡವರು ಆಸ್ಪತ್ರೆಯಲ್ಲಿ, ಮನೆಯವರು ಶವಾಗಾರದ ಬಾಗಿಲಲ್ಲಿ. ಮೈಕಿನ ಮುಂದೆ ಉಳಿಯುವವರು ಅಧಿಕಾರಿಗಳು. ಎಷ್ಟೋ ಸಲ ನಾಳೆ ತನಿಖೆಯಲ್ಲಿ ಉತ್ತರ ಕೊಡಬೇಕಾದವರೂ ಅವರೇ.

1989ರ ಏಪ್ರಿಲ್ 15. ಇಂಗ್ಲೆಂಡಿನ ಶೆಫೀಲ್ಡ್ ಊರಿನ ಹಿಲ್ಸ್‌ಬರೋ ಕ್ರೀಡಾಂಗಣದಲ್ಲಿ ಫುಟ್‌ಬಾಲ್ ಸೆಮಿಫೈನಲ್. ಹೊರಗೆ ಲಿವರ್‌ಪೂಲ್ ಅಭಿಮಾನಿಗಳು ಕಿಕ್ಕಿರಿದಿದ್ದರು. ಪೊಲೀಸ್ ಅಧಿಕಾರಿಯ ಆದೇಶದಂತೆ ‘ಸಿ’ ಗೇಟು ತೆರೆದರು. ಒಳಗಿನ ಸುರಂಗವನ್ನು ಮಾತ್ರ ಮುಚ್ಚಲಿಲ್ಲ. ಜನ ಸೀದಾ ಅದರೊಳಗೆ ನಡೆದು, ಆಗಲೇ ತುಂಬಿ ತುಳುಕುತ್ತಿದ್ದ ಜಾಗ ಸೇರಿದರು. ಮುಂದೆ ಕಬ್ಬಿಣದ ಬೇಲಿ, ಹಿಂದೆ ಜನ. ಒಟ್ಟು 97 ಜೀವ ಹೋಯಿತು. ಕೊನೆಯವರು ತೀರಿಕೊಂಡದ್ದು 2021ರಲ್ಲಿ.

ಆದರೆ ದುರಂತದ ದಿನವೇ, ಗೇಟು ತೆರೆಸಿದ ಅದೇ ಅಧಿಕಾರಿ ‘ಅಭಿಮಾನಿಗಳೇ ಗೇಟು ಮುರಿದು ನುಗ್ಗಿದರು’ ಎಂದುಬಿಟ್ಟರು. ಅಂದೇ ಸಂಜೆಯೊಳಗೆ ಅದು ಸುದ್ದಿಯೂ ಆಯಿತು. ತೆರೆದರು, ಮುರಿದರು: ಒಂದು ಪದ ಬದಲಾದರೆ ಸಾಕು, ಹೊಣೆ ಗೇಟಿನ ಒಳಗಿಂದ ಹೊರಗೆ ದಾಟುತ್ತದೆ ಅಲ್ವಾ?

ನಾಲ್ಕು ದಿನದ ನಂತರ ‘ದಿ ಸನ್’ ಪತ್ರಿಕೆ ‘ಸತ್ಯ’ ಎಂಬರ್ಥದ ಶೀರ್ಷಿಕೆ ಹಾಕಿ, ಅಭಿಮಾನಿಗಳು ಸತ್ತವರ ಜೇಬು ಹೊಡೆದರು, ಪೊಲೀಸರ ಮೇಲೆ ಉಚ್ಚೆ ಹೊಯ್ದರು ಎಂದು ಬರೆಯಿತು. ಇದರ ಮೂಲ ಪೊಲೀಸರು ಮತ್ತು ಒಬ್ಬ ಸಂಸದ ಹೇಳಿದ ಮಾತು. ಬೇರೆ ಪತ್ರಿಕೆಗಳಲ್ಲೂ ಆ ಆರೋಪ ಬಂದಿತ್ತು. ಆದರೆ ‘ಆರೋಪ’ ಅನ್ನೋ ಪದ ಬಿಟ್ಟು ‘ಸತ್ಯ’ ಅಂದರೆ ಓದುವವರು ಇನ್ನೇನು ತಿಳಿಯಬೇಕು?

ಸತ್ತವರು ಕುಡಿದಿದ್ದರೇ ಎಂದು ರಕ್ತ ಪರೀಕ್ಷೆಯನ್ನೂ ಮಾಡಿಸಿದರು, ಮಕ್ಕಳನ್ನೂ ಬಿಡಲಿಲ್ಲ. ಅತಿ ಚಿಕ್ಕ ಹುಡುಗನಿಗೆ 10 ವರ್ಷ.

ಪೊಲೀಸರ ನಿಯಂತ್ರಣ ತಪ್ಪಿದ್ದೇ ಮುಖ್ಯ ಕಾರಣ ಎಂದು ಅದೇ ವರ್ಷ ಆಗಸ್ಟಿನಲ್ಲೇ ನ್ಯಾಯಾಧೀಶರ ವರದಿ ಹೇಳಿತ್ತು. ಆದರೂ ಕುಡುಕರ ಕತೆ ಸಾಯಲಿಲ್ಲ. 2012ರಲ್ಲಿ ಸ್ವತಂತ್ರ ಸಮಿತಿಯೊಂದು 164 ಪೊಲೀಸ್ ಹೇಳಿಕೆಗಳನ್ನು ತಿದ್ದಿದ್ದನ್ನು ಬಯಲು ಮಾಡಿತು. ಅಭಿಮಾನಿಗಳ ತಪ್ಪೇನೂ ಇಲ್ಲ ಎಂದು ಜ್ಯೂರಿ ಹೇಳುವ ಹೊತ್ತಿಗೆ 2016 ಬಂದಿತ್ತು.

ನಮ್ಮ ಪದಗಳೂ ಇಲ್ಲಿ ಸುಮ್ನೆ ಕೂರುವುದಿಲ್ಲ. ‘ಕಾಲ್ತುಳಿತ’ ಎಂದು ಬರೆದ ಕೂಡಲೇ ತುಳಿದವರು ಯಾರು ಅಂತ ಮನಸ್ಸು ಹುಡುಕುತ್ತದೆ. ಹಿಲ್ಸ್‌ಬರೋದಲ್ಲಿ ಎಷ್ಟೋ ಜನ ಕೆಳಗೆ ಬೀಳಲೂ ಜಾಗವಿಲ್ಲದೆ, ನಿಂತಲ್ಲೇ ಉಸಿರುಗಟ್ಟಿ ಸತ್ತರು.